ಗೇಟಿನ ಚೀಟಿ

ಕಳೆದ ಕೊಯ್ಲಿನ ಡಿಸೆಂಬರ್ ತಿಂಗಳಲ್ಲಿ ಒಂದು ಸಂಜೆ, ನಮ್ಮ ಸಂಘವು ಬಾಡಿಗೆಗೆ ಗೊತ್ತುಮಾಡಿದ್ದ ಲಾರಿಯೊಂದು 41 ಚೀಲ ಕಾಫಿ ಹಣ್ಣು ಹೇರಿಕೊಂಡು ಬೆಟ್ಟದಿಂದ ಇಳಿದು ಬರುತ್ತಿದ್ದಾಗ ಅರಣ್ಯದ ಗೇಟೊಂದರಲ್ಲಿ ತಡೆಯಲ್ಪಟ್ಟಿತು. ಹಣ್ಣು ಮೇಲಿನ ಪೋಡೊಂದರ ಏಳು ಸೋಲಿಗ ಕುಟುಂಬಗಳದ್ದು. ಅವರ ಪಲ್ಪರ್ ಕೆಟ್ಟು ಕೂತಿದ್ದರಿಂದ, ಕೆಳಗೆ ನಮ್ಮ ಯಂತ್ರದಲ್ಲಿ ಅಂದೇ ರಾತ್ರಿ ಸಿಪ್ಪೆ ಬಿಡಿಸಿಕೊಡುತ್ತೇವೆಂದು ನಾವೇ ಮಾತು ಕೊಟ್ಟಿದ್ದೆವು. ಬೆಳಿಗ್ಗೆ ಒಳಗೆ ಹೋಗುವಾಗ ಚಾಲಕನು, ರಗಳೆ ಯಾಕೆಂದು, "ರಂಗಪ್ಪನ ದರ್ಶನಕ್ಕೆ" ಎಂದು ಹೇಳಿ ಹೋಗಿದ್ದನಂತೆ. ದರ್ಶನಕ್ಕೆ ಹೋದ ಲಾರಿ 41 ಚೀಲ ಹೊತ್ತು ಹಿಂದಿರುಗಿದ್ದನ್ನು ಕಂಡರೆ ಯಾವ ಗಾರ್ಡು ಸುಮ್ಮನಿರುತ್ತಾನೆ? ಯಾವ ಪೋಡು, ಯಾರ ಮಾಲು, ಯಾರ ಅನುಮತಿ ಎಂದು ಕೇಳಿದ. ಚಾಲಕನ ಬಳಿ ಉತ್ತರವೂ ಇರಲಿಲ್ಲ, ಕಾಗದವೂ ಇರಲಿಲ್ಲ. ಕತ್ತಲಾಯಿತು. ಗೇಟು ಬಿತ್ತು.

ನಾವು ಸುದ್ದಿ ತಿಳಿದು ಹೋಗಿ, ಕಂಡವರನ್ನೆಲ್ಲ ಕಂಡು, ಲಾರಿ ಬಿಡಿಸಿಕೊಳ್ಳುವ ಹೊತ್ತಿಗೆ ಮಾರನೆಯ ದಿನ ಹತ್ತು ಗಂಟೆ ದಾಟಿತ್ತು. ಚೀಲದೊಳಗೆ ಕೈ ಹಾಕಿದರೆ ಬೆಚ್ಚಗೆ, ಹುಳಿ ವಾಸನೆ. ಅರಾಬಿಕ ಹಣ್ಣನ್ನು ಕಿತ್ತ ದಿನವೇ ಪಲ್ಪರಿಗೆ ಹಾಕದಿದ್ದರೆ ಏನಾಗುತ್ತದೆಂದು ಈ ಪತ್ರಿಕೆಯ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಪಾರ್ಚ್‌ಮೆಂಟ್ ಆಗಬೇಕಾದ ಮಾಲನ್ನು ಕಣದಲ್ಲಿ ಹರಡಿ ಚೆರ್ರಿಯಾಗಿ ಒಣಗಿಸಿ ಬಂದ ಬೆಲೆಗೆ ಕೊಟ್ಟೆವು. ವ್ಯತ್ಯಾಸದ ಅರ್ಧವನ್ನು ಸಂಘ ಭರಿಸಿತು. ಉಳಿದ ಅರ್ಧ ಆ ಏಳು ಮನೆಗಳ ತಲೆಯ ಮೇಲೆಯೇ ಬಿತ್ತು.

ಆ ರಾತ್ರಿಯೇ ಕೋಪದಲ್ಲಿ ಎರಡು ಪುಟದ ದೂರೊಂದನ್ನು ಬರೆದಿಟ್ಟೆವು. ಅಂಚೆಗೆ ಹಾಕುವ ಮುನ್ನ ಆಡಳಿತ ಮಂಡಳಿಯ ಹಿರಿಯ ಸದಸ್ಯರೊಬ್ಬರಿಗೆ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲ ಸರಿ ಸೆಕ್ರೆಟರಿಗಳೇ, ಕಾಯಿದೆ ಓದಿದ್ದೀರಾ?" ಪದವಿ ಪಡೆದವರೆಂಬ ಕಾರಣಕ್ಕೇ ನಮ್ಮನ್ನು ಈ ಕುರ್ಚಿಯಲ್ಲಿ ಕೂರಿಸಿದ್ದಾರೆ. ಓದಿರಲಿಲ್ಲ. ಆಮೇಲೆ ಓದಿದೆವು. ಓದಿದ ಮೇಲೆ ದೂರನ್ನು ಹರಿದು ಹಾಕಿ ಅರ್ಜಿಯೊಂದನ್ನು ಬರೆದೆವು. ಅದರ ವಿಚಾರವನ್ನೇ ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ. ಯಳಂದೂರು, ಕೊಳ್ಳೇಗಾಲ, ಹನೂರು ಮೂರೂ ತಾಲ್ಲೂಕುಗಳ ನಮ್ಮವರಲ್ಲಿ ಒಂದಲ್ಲ ಒಂದು ದಿನ ಕಾಡಿನ ಗೇಟಿನ ಮುಂದೆ ನಿಲ್ಲದವರು ಕಡಿಮೆ.

ಈ ಗೇಟುಗಳೆಲ್ಲ ನಿನ್ನೆ ಮೊನ್ನೆ ಬಂದವು, ಹಿಂದೆ ಕಾಡು ಎಲ್ಲರಿಗೂ ತೆರೆದಿತ್ತು ಎಂದು ಹಳಬರು ಹೇಳುವುದುಂಟು. ಅದು ಅರ್ಧ ಸತ್ಯ. ಯಳಂದೂರು 1807ರಿಂದ ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರು. ಕೊಳ್ಳೇಗಾಲವಾದರೋ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದು ಹನೂರು ತಾಲ್ಲೂಕು ಎನಿಸಿಕೊಂಡಿರುವುದೆಲ್ಲ ಆಗ ಅದರ ಒಡಲಲ್ಲೇ ಇತ್ತು. ಮದರಾಸು ಸರ್ಕಾರದ 1882ರ ಅರಣ್ಯ ಕಾಯಿದೆಯ ಕೆಳಗೆ ಸೌದೆಗೆ ಪಾಸು, ಮೇವಿಗೆ ಪಾಸು ಎಂಬುದು ನಮ್ಮ ತಾತಂದಿರ ಕಾಲಕ್ಕೇ ಇತ್ತು. ಇತ್ತ ಬಿಳಿಗಿರಿ ಬೆಟ್ಟದ ಮೇಲೆ ಮಾರಿಸ್ ಎಂಬ ದೊರೆಗಳ ಮನೆತನ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಾಫಿ ತೋಟ ಎಬ್ಬಿಸಿತು. ಅತ್ತಿಖಾನೆ, ಹೊನ್ನಮೇಟಿ ಎಂದರೆ ಈಗಲೂ ಕಾಫಿಯ ಹೆಸರೇ. ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಈ ಬೆಟ್ಟಗಳಲ್ಲೂ ಓಡಾಡಿದ್ದರು. ದೊರೆಗಳಿಗೆ ಗೇಟು ಅಡ್ಡಬಂದ ಸುದ್ದಿಯನ್ನು ಮಾತ್ರ ನಾವು ಕೇಳಿಲ್ಲ.

ಗೇಟು ಬಿಗಿಯಾದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡು ವನ್ಯಜೀವಿಧಾಮವಾಯಿತು. 1987ರಲ್ಲಿ ಅದರ ವಿಸ್ತೀರ್ಣವನ್ನು ಸುಮಾರು 540 ಚದರ ಕಿಲೋಮೀಟರಿಗೆ ಏರಿಸಿದರು. ಅದೇ 1987ರಲ್ಲಿ ಕಾವೇರಿ ವನ್ಯಜೀವಿಧಾಮ ಬಂತು. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವೆಂದು ಅಧಿಸೂಚನೆ ಹೊರಟಿತು. 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮ, ಸುಮಾರು 900 ಚದರ ಕಿಲೋಮೀಟರು. ನಡುವೆ ಎಂಬತ್ತರ ದಶಕದ ಕೊನೆಯಿಂದ 2004ರ ಅಕ್ಟೋಬರ್ 18ರವರೆಗೆ ವೀರಪ್ಪನ್ ಕಾಲ. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಕೊಲೆಯಾಯಿತು. 2002ರಲ್ಲಿ ನಮ್ಮ ಕಾಮಗೆರೆಯಿಂದಲೇ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಒತ್ತೆ ಒಯ್ದರು. ಅವರು ಜೀವಂತವಾಗಿ ಹಿಂದಿರುಗಲಿಲ್ಲ. ಆ ವರ್ಷಗಳಲ್ಲಿ ಕಾಡೊಳಗೆ ಕಾಲಿಟ್ಟವನು ಪೊಲೀಸರ ಕಣ್ಣಿಗೂ ಅನುಮಾನದವನು, ಕಳ್ಳನ ಕಣ್ಣಿಗೂ ಅನುಮಾನದವನು. ಗೇಟಿನಲ್ಲಿ ನಿಂತವನಿಗೆ ಎದುರು ಬಂದವನೆಲ್ಲ ಅಪರಾಧಿಯಾಗಿ ಕಾಣುವುದು, ಬಂದವನು ನಿಜ ಹೇಳದೆ ನುಣುಚಿಕೊಳ್ಳಲು ನೋಡುವುದು, ಈ ಎರಡು ಅಭ್ಯಾಸಗಳೂ ಆ ಕಾಲದಲ್ಲೇ ಬಲಿತವೆಂದು ನಮ್ಮ ಎಣಿಕೆ. ನಮ್ಮ ಚಾಲಕನೂ ಅದೇ ಕಾಲದ ಮನುಷ್ಯ.

ಇನ್ನು ಕಾಯಿದೆಗೆ ಬರೋಣ. ಅದರ 27ನೇ ಕಲಮು ವನ್ಯಜೀವಿಧಾಮದೊಳಗೆ ಯಾರು ಪರವಾನಗಿ ಇಲ್ಲದೆ ಹೋಗಬಹುದೆಂದು ಹೇಳುತ್ತದೆ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರ. ಒಳಗೆ ವಾಸಿಸಲು ಮುಖ್ಯ ವನ್ಯಜೀವಿ ಪರಿಪಾಲಕರಿಂದ ಅಥವಾ ಅಧಿಕಾರ ಪಡೆದ ಅಧಿಕಾರಿಯಿಂದ ಅನುಮತಿ ಪಡೆದವನು. ಧಾಮದ ಎಲ್ಲೆಯೊಳಗೆ ಸ್ಥಿರಾಸ್ತಿಯ ಮೇಲೆ ಹಕ್ಕುಳ್ಳವನು. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವನು. ಮತ್ತು ಮೊದಲ ಮೂವರ ಅವಲಂಬಿತರು. ಇಷ್ಟೇ ಜನ. ಉಳಿದವರೆಲ್ಲ 28ನೇ ಕಲಮಿನಂತೆ ಪರವಾನಗಿ ಪಡೆದೇ ಹೋಗಬೇಕು.

ಸ್ಥಿರಾಸ್ತಿಯ ಹಕ್ಕುಳ್ಳವನು ಎಂಬ ಮಾತನ್ನು ನಮ್ಮ ಸದಸ್ಯರು ಎರಡು ಸಲ ಓದಿಕೊಳ್ಳಬೇಕು. ಬೆಟ್ಟದ ಮೇಲೆ ಎರಡು ಎಕರೆ ಹದಿನೈದು ಗುಂಟೆ ತೋಟವಿರುವ ನಮ್ಮ ಸದಸ್ಯರೊಬ್ಬರು ಹನ್ನೊಂದು ವರ್ಷಗಳಿಂದ ಪ್ರತಿ ಸಲ ಮೇಲೆ ಹೋಗುವಾಗಲೂ ಒಂದು ಬಿಳಿ ಕಾಗದದಲ್ಲಿ "ದಯಮಾಡಿ ನನ್ನ ತೋಟಕ್ಕೆ ಹೋಗಲು ಅನುಮತಿ ನೀಡಬೇಕಾಗಿ ಪ್ರಾರ್ಥನೆ" ಎಂದು ಬರೆದು ಕೊಡುತ್ತಿದ್ದರು. ಯಾರೂ ಕೇಳಿರಲಿಲ್ಲ. ಮೊದಲ ಸಲ ಹೆದರಿ ಕೊಟ್ಟರು, ಎರಡನೆಯ ಸಲ ಅಭ್ಯಾಸಕ್ಕೆ ಕೊಟ್ಟರು, ಮೂರನೆಯ ಸಲದಿಂದ ಅದು ನಿಯಮವಾಯಿತು. ಹೊಸದಾಗಿ ಬಂದ ಗಾರ್ಡೊಬ್ಬ ಒಂದು ದಿನ "ಇವತ್ತು ಆಗೋದಿಲ್ಲ, ನಾಳೆ ಬನ್ನಿ" ಎಂದಾಗ ಅವರು ಕೈಮುಗಿದು ಹಿಂದಿರುಗಿದರು. ಬೇಡದ ಅನುಮತಿಯನ್ನು ಬೇಡಿ ಬೇಡಿ ತಮ್ಮ ಹಕ್ಕನ್ನು ತಾವೇ ಇನ್ನೊಬ್ಬರ ದಯೆಯನ್ನಾಗಿ ಮಾಡಿಕೊಂಡಿದ್ದರು. ಅವರಿಗೆ ಬೇಕಾಗಿದ್ದುದು ಪಹಣಿಯ ಒಂದು ಪ್ರತಿ, ಗುರುತಿನ ಚೀಟಿ, ಅಷ್ಟೇ.

ನಮ್ಮ ಲಾರಿಯ ಕಥೆ ಇದಕ್ಕೆ ತದ್ವಿರುದ್ಧ. ಹಣ್ಣಿನ ಒಡೆಯರಿಗೆ ಹಕ್ಕಿತ್ತು. ಲಾರಿಗೆ ಇರಲಿಲ್ಲ. ಬೆಟ್ಟದ ದೇವಸ್ಥಾನದ ದಾರಿಯಲ್ಲಿ ಹಾದುಹೋಗುವುದೇನೋ ಸರಿ. ಆ ದಾರಿ ಬಿಟ್ಟು ಪೋಡಿನ ಮಣ್ಣುರಸ್ತೆಗೆ ತಿರುಗಿದ ಕ್ಷಣವೇ ಅವನು ಹಾದುಹೋಗುವವನಾಗಿ ಉಳಿಯಲಿಲ್ಲ. ಗಾರ್ಡು ತಡೆದದ್ದು ತಪ್ಪಲ್ಲ. ಮಾಲು ಕೆಡುವಂಥದ್ದೆಂದು ತಿಳಿಸಿದ ಮೇಲೂ ರಾತ್ರಿಯೆಲ್ಲ ನಿಲ್ಲಿಸಿಕೊಂಡದ್ದು ಮಾತ್ರ ಸರಿಯೆಂದು ನಾವು ಇಂದಿಗೂ ಒಪ್ಪುವುದಿಲ್ಲ. ಆದರೆ ತಪ್ಪಿನ ದೊಡ್ಡ ಪಾಲು ಸಂಘದ ಕಛೇರಿಯದೇ, ಅಂದರೆ ನಮ್ಮದೇ.

28ನೇ ಕಲಮನ್ನು ಓದುವಾಗ ನಮಗೆ ಆಶ್ಚರ್ಯ ಕಾದಿತ್ತು. ಪರವಾನಗಿ ಕೊಡಬಹುದಾದ ಉದ್ದೇಶಗಳನ್ನು ಅದು ಎಣಿಸುತ್ತದೆ: ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ (2022ರ ತಿದ್ದುಪಡಿಯಲ್ಲಿ, ನೆಲೆಗೆ ವ್ಯತ್ಯಾಸ ಮಾಡದ ಚಿತ್ರೀಕರಣವೂ ಇದಕ್ಕೆ ಸೇರಿದೆ), ವೈಜ್ಞಾನಿಕ ಸಂಶೋಧನೆ, ಪ್ರವಾಸ. ಇವೆಲ್ಲ ಪಟ್ಟಣದವರ ಕೆಲಸ, ನಮಗೇನು ಎಂದು ಪುಸ್ತಕ ಮುಚ್ಚುವವರಿದ್ದೆವು. ಕೊನೆಯ ಸಾಲು ಕಣ್ಣಿಗೆ ಬಿತ್ತು: ಧಾಮದೊಳಗೆ ವಾಸಿಸುವ ಯಾವನೇ ವ್ಯಕ್ತಿಯೊಂದಿಗೆ ಕಾನೂನುಬದ್ಧ ವ್ಯವಹಾರ ನಡೆಸುವುದು. ಪೋಡಿನ ಬೆಳೆಗಾರನಿಂದ ಕಾಫಿ ಕೊಳ್ಳುವುದು, ಅವನಿಗೆ ಪಲ್ಪರ್ ರಿಪೇರಿ ಮಾಡಿಕೊಡುವುದು, ಮೆಣಸಿನ ಬಳ್ಳಿ ತಲುಪಿಸುವುದು ಇದರಲ್ಲೇ ಬರುತ್ತದೆ. ಐವತ್ತು ವರ್ಷಗಳಿಂದ ಕಾಯಿದೆಯಲ್ಲಿ ನಮಗಾಗಿ ಒಂದು ಬಾಗಿಲು ಇತ್ತು. ನಾವು ದರ್ಶನದ ಸುಳ್ಳು ಹೇಳಿಕೊಂಡು ಕಿಟಕಿಯಿಂದ ನುಗ್ಗುತ್ತಿದ್ದೆವು.

ಹಕ್ಕಿಗೂ ಅನುಮತಿಗೂ ಇರುವ ವ್ಯತ್ಯಾಸವನ್ನು ಈ ಸೀಮೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಸೋಲಿಗರು. ಬೆಟ್ಟದ ರಂಗಪ್ಪ ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದನೆಂದು ಅವನನ್ನು ಭಾವ ಎಂದು ಕರೆಯುವ ಜನ ಇವರು. ಭಾರ್ಗವಿ ಹೊಳೆಯ ದಂಡೆಯ ದೊಡ್ಡ ಸಂಪಿಗೆ ಇವರಿಗೆ ಮರವಲ್ಲ, ದೇವರು. 1974ರಲ್ಲಿ ವನ್ಯಜೀವಿಧಾಮ ಬಂದ ಮೇಲೆ ಬೇಟೆ ನಿಂತಿತು, ಕುಮರಿ ಬೇಸಾಯ ನಿಂತಿತು, ಚದುರಿದ್ದ ವಸತಿಗಳನ್ನು ಒಂದೆಡೆ ತಂದು ಪೋಡುಗಳಲ್ಲಿ ಕೂರಿಸಿದರು. ಜೇನು, ನೆಲ್ಲಿಕಾಯಿ, ಪಾಚಿ, ಸೀಗೆ ಮುಂತಾದ ಕಿರು ಅರಣ್ಯ ಉತ್ಪನ್ನ ತಂದು ಲ್ಯಾಂಪ್ಸ್ ಸಹಕಾರ ಸಂಘಗಳಿಗೆ ಹಾಕಿ ಜೀವನ ನಡೆಸುವುದು ಉಳಿದಿತ್ತು. ನಾವೂ ಸಹಕಾರದವರೇ ಆದುದರಿಂದ ಆ ಸಂಘಗಳ ಏಳುಬೀಳನ್ನು ಹತ್ತಿರದಿಂದ ಬಲ್ಲೆವು. 2000ದ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮಗಳಿಂದ ಬಿದ್ದ ಮರ, ಹುಲ್ಲು ಇತ್ಯಾದಿಗಳನ್ನೂ ತೆಗೆಯಬಾರದೆಂದು ಆಜ್ಞೆ ಮಾಡಿತು. ವನ್ಯಜೀವಿ ಕಾಯಿದೆಗೆ ಬಂದ 2002ರ ತಿದ್ದುಪಡಿಯೂ ಒಳಗಿನ ಉತ್ಪನ್ನವನ್ನು ವ್ಯಾಪಾರಕ್ಕೆ ಒಯ್ಯುವುದಕ್ಕೆ ತಡೆ ಹಾಕಿತು. 2006ರ ಹೊತ್ತಿಗೆ ಬಿಳಿಗಿರಿಯಲ್ಲಿ ಸಂಗ್ರಹ ನಿಂತೇಹೋಯಿತು. ಜೇನು ಕೀಳುವ ಕೈಗಳು ಕೊಡಗಿನ ತೋಟಗಳಿಗೆ ಕೂಲಿಗೆ ಹೋದವು. ನಮ್ಮ ಸದಸ್ಯರ ತೋಟಗಳಿಗೂ ಬಂದವು. ಆಗ ನಾವು ಆಳು ಸಿಕ್ಕಿದರೆಂದು ಸಂತೋಷಪಟ್ಟದ್ದೂ ನಿಜ.

ಅದೇ 2006ರಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯಿದೆಯನ್ನು ಮಾಡಿತು. ಅದು ಹೇಳಿದ್ದು ಹೊಸ ಅನುಮತಿಯ ಮಾತಲ್ಲ. ಮೊದಲೇ ಇದ್ದ ಹಕ್ಕನ್ನು ಬರೆದುಕೊಡಬೇಕೆಂಬ ಮಾತು. ಸೋಲಿಗರು ಪೋಡು ಪೋಡಿನಲ್ಲಿ ಗ್ರಾಮಸಭೆ ಸೇರಿಸಿದರು. ದೇವರ ಗುಡಿ, ಮಾರಮ್ಮನ ಜಾಗ, ಹೊಳೆ, ಗೋರಿ, ಜೇನುಬಂಡೆಗಳನ್ನು, ಒಂದೊಂದು ಕುಲಕ್ಕೆ ಸೇರಿದ ಯಲ್ಲೆಗಳನ್ನು ನಕ್ಷೆಯ ಮೇಲೆ ಗುರುತಿಸಿದರು. ಸಂಘಟನೆಗಳು, ತಜ್ಞರು ಜೊತೆ ನಿಂತರು. ನಡುವೆ 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಘೋಷಣೆ ಬಂದಾಗ ಎಲ್ಲ ಮುಗಿಯಿತೆಂದು ಬಹಳ ಜನ ಅಂದುಕೊಂಡರು. ಮುಗಿಯಲಿಲ್ಲ. 2011ರ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಅದು ಮೊದಲು.

ಮುಂದೆ 2012ರಲ್ಲಿ ಆ ಕಾಯಿದೆಯ ನಿಯಮಗಳಿಗೆ ತಿದ್ದುಪಡಿ ಬಂದು, ಕಿರು ಅರಣ್ಯ ಉತ್ಪನ್ನ ಸಾಗಿಸುವ ರಹದಾರಿಯನ್ನು ಗ್ರಾಮಸಭೆಯ ಸಮಿತಿಯೇ ಕೊಡಬಹುದೆಂದಾಯಿತು. ಚೀಟಿಗಾಗಿ ನಿಂತಿದ್ದವನ ಕೈಗೇ ಚೀಟಿ ಬರೆಯುವ ಲೇಖನಿ ಬಂತು. ಆಚರಣೆಯಲ್ಲಿ ಇದು ಎಲ್ಲ ಗೇಟಿನಲ್ಲೂ ಸಲೀಸಾಗಿ ನಡೆಯುತ್ತದೆಂದು ನಾವು ಹೇಳಲಾರೆವು. ನಮ್ಮ ಹಣ್ಣು ಹಾಳಾದ ಮೇಲೆ ಕ್ಷಮೆ ಕೇಳಲು ಆ ಪೋಡಿಗೆ ಹೋಗಿದ್ದಾಗ ಯಜಮಾನರೊಬ್ಬರು ಹೇಳಿದ ಮಾತು ಇದು: "ಚೀಟಿ ನಮ್ ತಾವೇ ಅದ ಬುದ್ಧಿ. ನೀವು ಲಾರಿ ತರಕ ಮುಂಚ ಒಂದ್ ಮಾತ ಕೇಳಿದ್ರ ನಾವೂ ಸಭ ಸೇರ್ಸಿ ಬರ್ಕೊಡ್ತಿದ್ದೊ." ನಾವು ಅವರನ್ನು ಕೇಳಿರಲಿಲ್ಲ. ಕಾಫಿ ಕಿರು ಅರಣ್ಯ ಉತ್ಪನ್ನವಲ್ಲ, ತೋಟದ ಬೆಳೆ. ಆದ್ದರಿಂದ ಅವರ ರಹದಾರಿಯೊಂದರಿಂದಲೇ ಕೆಲಸ ಆಗುತ್ತಿರಲಿಲ್ಲ ಎಂಬುದು ಬೇರೆ ವಿಷಯ. ಆದರೆ ಗ್ರಾಮಸಭೆಯ ಒಂದು ಪತ್ರ ಲಾರಿಯಲ್ಲಿ ಇದ್ದಿದ್ದರೆ ಗಾರ್ಡಿನ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಅಲ್ಲೇ ಇರುತ್ತಿತ್ತು.

ಈ ಸಂದರ್ಭದಲ್ಲೇ ಒಂದು ಎಚ್ಚರಿಕೆ. ಅರಣ್ಯ ಹಕ್ಕು ಕಾಯಿದೆಯಲ್ಲಿ ಬಂದ ಜಮೀನು ವಂಶಪಾರಂಪರ್ಯವಾಗಿ ಬರುತ್ತದೆಯೇ ಹೊರತು ಪರಭಾರೆ ಮಾಡಲು ಬರುವುದಿಲ್ಲ. "ಮೇಲೆ ಸೋಲಿಗರ ಎರಡು ಎಕರೆ ಕಾಫಿ ಸಿಗುತ್ತದೆ, ಅಗ್ರಿಮೆಂಟು ಮಾಡಿಕೊಳ್ಳಲೇ" ಎಂದು ಕಛೇರಿಗೆ ಬಂದು ಕೇಳಿದವರಿದ್ದಾರೆ. ಅಂಥ ಅಗ್ರಿಮೆಂಟಿನಿಂದ ಸ್ಥಿರಾಸ್ತಿಯ ಹಕ್ಕೂ ಬರುವುದಿಲ್ಲ, ಗೇಟಿನೊಳಗೆ ಹೋಗುವ ಹಕ್ಕೂ ಬರುವುದಿಲ್ಲ. ದುಡ್ಡು ಮಾತ್ರ ಹೋಗುತ್ತದೆ.

ಇನ್ನು ಅರ್ಜಿ ಬರೆಯುವ ಬಗೆ. ಇದು ನಾವು ಪೆಟ್ಟು ತಿಂದು ಕಲಿತದ್ದು. ಬಿಳಿಗಿರಿಯ ಕಾಡಿಗೆ ಸಂಬಂಧಿಸಿದ್ದಾದರೆ ಚಾಮರಾಜನಗರದಲ್ಲಿರುವ ಹುಲಿ ಯೋಜನೆಯ ನಿರ್ದೇಶಕರ ಕಛೇರಿ. ಮಲೆ ಮಹದೇಶ್ವರ, ಕಾವೇರಿ ಧಾಮಗಳದ್ದಾದರೆ ಕೊಳ್ಳೇಗಾಲದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಛೇರಿಗಳು. ಅಧ್ಯಯನ, ಸಂಶೋಧನೆ ಎಂದಾದರೆ ಅರ್ಜಿ ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದವರೆಗೆ ಹೋಗಬೇಕಾಗುತ್ತದೆ. ಮಗನ ಕಾಲೇಜಿನ ಪ್ರಾಜೆಕ್ಟಿಗೆಂದು ಹಿಂದಿನ ದಿನ ಬಂದು "ನಾಳೆಗೆ ಪರ್ಮಿಷನ್ ಕೊಡಿಸಿ" ಎಂದರೆ ನಮ್ಮಿಂದ ಆಗದು. ಅದಕ್ಕೆ ವಿದ್ಯಾಸಂಸ್ಥೆಯ ಮುಖಾಂತರ ತಿಂಗಳುಗಟ್ಟಲೆ ಮುಂಚೆ ಬರೆಯಬೇಕು.

ನಮ್ಮ ಮೊದಲ ಅರ್ಜಿಯಲ್ಲಿ "ಸಂಘದ ವ್ಯವಹಾರದ ನಿಮಿತ್ತ ವಾಹನಗಳನ್ನು ಬಿಡಬೇಕಾಗಿ" ಎಂದಷ್ಟೇ ಬರೆದಿದ್ದೆವು. ಒಂದೂವರೆ ತಿಂಗಳು ಉತ್ತರವಿಲ್ಲ. ವಿಚಾರಿಸಿದಾಗ ಅಲ್ಲಿದ್ದ ಗುಮಾಸ್ತರು ಸಾವಧಾನವಾಗಿಯೇ ವಿವರಿಸಿದರು: "ಸಾರ್, ಇದರಲ್ಲಿ ಯಾವ ಗಾಡಿ, ಯಾವ ಡ್ರೈವರು, ಯಾವ ದಾರಿ, ಎಷ್ಟು ದಿನ, ಒಂದೂ ಇಲ್ಲ. ಸಾಹೇಬರು ಯಾವುದಕ್ಕೆ ಸಹಿ ಹಾಕಬೇಕು?" ಮಾತು ನಿಜ. ಎರಡನೆಯ ಅರ್ಜಿಯಲ್ಲಿ 28ನೇ ಕಲಮಿನ ಆ ಸಾಲನ್ನು ಹೆಸರಿಸಿ, ಎರಡು ವಾಹನಗಳ ನಂಬರು, ಚಾಲಕರ ಹೆಸರು ಮತ್ತು ಲೈಸೆನ್ಸಿನ ಪ್ರತಿ, ಹೋಗುವ ಪೋಡು, ಹಿಡಿಯುವ ರಸ್ತೆ, ಒಳಹೋಗುವ ಹೊರಬರುವ ಸಮಯ, ಕೊಯ್ಲಿನ ಮೊದಲ ದಿನದಿಂದ ಕೊನೆಯ ದಿನದವರೆಗಿನ ದಿನಾಂಕ ಬರೆದೆವು. ಬೆಳೆಗಾರರ ಪಟ್ಟಿ, ಗ್ರಾಮಸಭೆಯ ಪತ್ರ, ನಮ್ಮ ನೋಂದಣಿ ಪತ್ರ ಜೊತೆಗಿಟ್ಟೆವು. ಹಣ್ಣು ಅಂದೇ ಪಲ್ಪ್ ಆಗಬೇಕಾದ ಕಾರಣವನ್ನು ನಾಲ್ಕೇ ಸಾಲಿನಲ್ಲಿ ತಿಳಿಸಿದೆವು. ಒಂದು ಪ್ರತಿ ವಲಯ ಅರಣ್ಯಾಧಿಕಾರಿಗಳಿಗೆ. ಎರಡರ ಮೇಲೂ ಮೊಹರು ಹಾಕಿಸಿಕೊಂಡು ಸ್ವೀಕೃತಿ ತಂದೆವು. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟೂ ಕೊಡದಂತೆ.

ಅನುಮತಿ ಬಂದರೆ ಅದರೊಂದಿಗೆ ಷರತ್ತುಗಳೂ ಬರುತ್ತವೆ, ಮತ್ತು ಹಕ್ಕಿನಿಂದ ಒಳಗಿರುವವರೂ ಕೆಲವು ನಿಯಮಗಳಿಗೆ ಕಟ್ಟುಬಿದ್ದವರೇ. ಕೋವಿಯೊಂದಿಗೆ ಒಳಗೆ ಹೋಗುವಂತಿಲ್ಲ. ಅದಕ್ಕೆ ಲಿಖಿತ ಅನುಮತಿಯೇ ಬೇಕು. ಅಷ್ಟೇ ಅಲ್ಲ, ಧಾಮದಿಂದ ಹತ್ತು ಕಿಲೋಮೀಟರ್ ಒಳಗೆ ವಾಸಿಸುವವರು ತಮ್ಮ ಲೈಸೆನ್ಸಿನ ಕೋವಿಯನ್ನು ವನ್ಯಜೀವಿ ಅಧಿಕಾರಿಗಳಲ್ಲಿ ನೋಂದಾಯಿಸಬೇಕೆಂದೂ, ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕೆಂದೂ 34ನೇ ಕಲಮಿನಲ್ಲಿದೆ. ಹಂದಿ ಕಾಟಕ್ಕೆಂದು ಕೋವಿ ಇಟ್ಟುಕೊಂಡಿರುವ ನಮ್ಮ ಅಡಿಕೆ ಬೆಳೆಗಾರರಲ್ಲಿ ಎಷ್ಟು ಜನ ಈ ಸಾಲು ಓದಿದ್ದಾರೋ! 32ನೇ ಕಲಮು ವನ್ಯಜೀವಿಗಳಿಗೆ ಹಾನಿ ಮಾಡಬಲ್ಲ ರಾಸಾಯನಿಕಗಳ ಬಳಕೆಯನ್ನು ನಿಷೇಧಿಸುತ್ತದೆ. ಒಳಗಿನ ತೋಟಕ್ಕೆ ಔಷಧಿ ಹೊಡೆಸುವವರು, ಡಬ್ಬ ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಷರತ್ತು ಮುರಿದರೆ ಮೂರು ವರ್ಷದವರೆಗೆ ಸಜೆ, ಅಥವಾ 2022ರ ತಿದ್ದುಪಡಿಯಂತೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಬೆಂಕಿಯ ವಿಚಾರದಲ್ಲಿ ಮಾತ್ರ ನಮಗೆ ಬೇರೆ ಅಭಿಪ್ರಾಯವಿದೆ. ಕಾಡಿನಲ್ಲಿ ಅಪಾಯವಾಗುವಂತೆ ಬೆಂಕಿ ಹಾಕುವುದು ಅಪರಾಧ, ಇರಲಿ. ಆದರೆ ಬೇಸಿಗೆ ಬಲಿಯುವ ಮುನ್ನ ನೆಲದ ತರಗನ್ನು ಮಾತ್ರ ಸುಡುವ ಸೋಲಿಗರ ತರಗು ಬೆಂಕಿ ನಿಂತ ಮೇಲೆಯೇ ಲಂಟಾನ ಕಾಡನ್ನೆಲ್ಲ ಮುಚ್ಚಿತೆಂದು, ನೆಲ್ಲಿ ಮರಕ್ಕೆ ಬಂದಳಿಕೆ ಏರಿತೆಂದು ಅವರು ಹೇಳುತ್ತಲೇ ಬಂದಿದ್ದಾರೆ. ಸಂಶೋಧಕರೂ ಆ ಮಾತಿಗೆ ಕಿವಿಗೊಟ್ಟಿದ್ದಾರೆ. ತೋಟದ ಅಂಚಿಗೆ ಲಂಟಾನ ಬಂದು ನಿಂತು ಅದರ ಮರೆಯಲ್ಲಿ ಹಂದಿ ಮರಿಹಾಕುವುದನ್ನು ಕಾಣುವ ನಮಗೆ ಅವರ ಮಾತು ಸರಿಯೆನಿಸುತ್ತದೆ.

ಹೆದ್ದಾರಿಯಲ್ಲಿ ಹಾದುಹೋಗುವವರಿಗೂ ಹೊತ್ತಿನ ಕಟ್ಟು ಇದೆ. ಬಂಡೀಪುರದ ಮೂಲಕ ರಾತ್ರಿ ಸಂಚಾರಕ್ಕೆ 2009ರಲ್ಲಿ ನಿರ್ಬಂಧ ಬಂದುದು ಎಲ್ಲರಿಗೂ ಗೊತ್ತು. ಕೊಯಮತ್ತೂರಿಗೆ ಮಾಲು ಕಳಿಸುವವರಿಗೆ ಅದಕ್ಕಿಂತ ಮುಖ್ಯವಾದುದು ದಿಂಬಂ ಘಾಟಿ. ಸತ್ಯಮಂಗಲದ ಕಾಡಿನೊಳಗಿನ ಆ ರಸ್ತೆಯಲ್ಲಿ ರಾತ್ರಿ ಸಂಚಾರದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ ಬಿಗಿಯಾಗಿ ಜಾರಿಗೆ ತಂದರು. ಕೊಳ್ಳೇಗಾಲದಿಂದ ಮಧ್ಯಾಹ್ನ ಹೊರಡುವ ಲಾರಿ ಹಾಸನೂರಿನಲ್ಲಿ ರಾತ್ರಿ ಕಳೆಯಬೇಕಾದೀತು. ಬೆಳಗಿನ ಜಾವವೇ ಹೊರಡಿಸಿ.

ಬೆಟ್ಟ ಹತ್ತುವ ಹವ್ಯಾಸದವರ ಮಾತು ಬೇಗ ಮುಗಿಸೋಣ. ಮಾದಪ್ಪನ ಬೆಟ್ಟದಿಂದ ನಾಗಮಲೆಗೆ ನಡೆಯುವವರಲ್ಲಿ ಭಕ್ತರೂ ಇದ್ದಾರೆ, ಚಾರಣಿಗರೂ ಇದ್ದಾರೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ಚಾರಣಕ್ಕೆ ಮುಂಗಡ ನೋಂದಣಿಯ ವ್ಯವಸ್ಥೆ ಬಂತು. ಅದೇ ಅಕ್ಟೋಬರಿನಲ್ಲಿ ಸರ್ಕಾರ 'ಅರಣ್ಯ ವಿಹಾರ' ಎಂಬ ಜಾಲತಾಣ ತೆರೆಯಿತು. ಬೆಂಗಳೂರಿನಿಂದ ನಂಟರು ಬಂದರೆ ಅವರ ಮೊಬೈಲಿನಲ್ಲೇ ನೋಡಿಕೊಳ್ಳಲು ಹೇಳಿ. ನಮ್ಮ ಕಛೇರಿಗೆ ಕಳಿಸಬೇಡಿ.

ಹನೂರಿನ ಕಡೆಯ ಸದಸ್ಯರು ಇಷ್ಟನ್ನೂ ಓದಿ, ನಮ್ಮ ದನದ ಮಾತೆಲ್ಲಿ ಎಂದು ಕೇಳುತ್ತಾರೆಂದು ಬಲ್ಲೆವು. ಆ ಮಾತು ಎಲ್ಲಕ್ಕಿಂತ ಕಷ್ಟದ್ದು. ಕಾಡಂಚಿನ ದೊಡ್ಡಿಗಳಲ್ಲಿ ದನ ಕೂಡಿ, ಹಗಲು ಕಾಡಿನಲ್ಲಿ ಮೇಯಿಸಿ, ಗೊಬ್ಬರ ಮಾರಿ ಬದುಕುವುದು ಅಲ್ಲಿನ ಹಳೆಯ ಪದ್ಧತಿ. ಆ ಗೊಬ್ಬರ ಎಲ್ಲಿಗೆ ಹೋಗುತ್ತದೆ? ಕಾಫಿ, ಅಡಿಕೆ, ಶುಂಠಿ ತೋಟಗಳಿಗೆ. ಬಂಡೀಪುರದ ಅಂಚಿನಲ್ಲಿ ವಿಜ್ಞಾನಿ ಎಂ. ಡಿ. ಮಧುಸೂದನ್ ಅವರು ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ತೊಂಬತ್ತರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಬೆಲೆ ಏರಿತು. ತೋಟಗಳು ಗೊಬ್ಬರಕ್ಕೆ ಹೆಚ್ಚು ಬೆಲೆ ಕೊಟ್ಟವು. ಸಗಣಿಗೆ ಬೆಲೆ ಬಂದದ್ದ ಕಂಡು ಗುಂಡ್ಲುಪೇಟೆಯ ಹಳ್ಳಿಗಳಲ್ಲಿ ಕಾಡಿಗೆ ಬಿಡುವ ದನ ಹೆಚ್ಚಿದವು ಎಂಬುದು ಅದರ ತಿರುಳು. ಕಾಡಿನ ಹುಲ್ಲು ನಮ್ಮ ಕಾಫಿ ಗಿಡದ ಬುಡದಲ್ಲಿದೆ ಎಂದಾಯಿತು. ಆದುದರಿಂದ ದನದವರನ್ನು ಬೈದು ಕೈತೊಳೆದುಕೊಳ್ಳುವ ಹಕ್ಕು ತೋಟದವರಾದ ನಮಗಿಲ್ಲ.

2025ರ ಜೂನಿನಲ್ಲಿ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ವಿಷದಿಂದ ಸತ್ತುಬಿದ್ದವು. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಿದ್ದೆಂದು ತನಿಖೆಯಲ್ಲಿ ಹೊರಬಂತು. ಅದಾದ ಮೇಲೆ ಕಾಡಿನಲ್ಲಿ ದನ ಮೇಯಿಸುವುದನ್ನು ನಿಲ್ಲಿಸಬೇಕೆಂಬ ಸೂಚನೆ ಸರ್ಕಾರದಿಂದ ಹೊರಟಿತು, ರೈತರಿಂದ ಪ್ರತಿಭಟನೆಯೂ ಆಯಿತು. ವಿಷ ಹಾಕಿದ್ದನ್ನು ನಾವು ಯಾವ ಕಾರಣಕ್ಕೂ ಸಮರ್ಥಿಸುವುದಿಲ್ಲ. ಆದರೆ ಒಬ್ಬಿಬ್ಬರ ಕೃತ್ಯಕ್ಕೆ ಊರೂರಿನ ದೊಡ್ಡಿ ಖಾಲಿ ಮಾಡಿಸುವುದು ನ್ಯಾಯವೆಂದೂ ನಮಗೆ ತೋರುವುದಿಲ್ಲ. ವನ್ಯಜೀವಿ ಕಾಯಿದೆ ಮೇಯಿಸುವಿಕೆಯನ್ನು ನಿಯಂತ್ರಿಸಲು ಅಥವಾ ನಿಷೇಧಿಸಲು ಅಧಿಕಾರ ಕೊಡುತ್ತದೆ. ಅರಣ್ಯ ಹಕ್ಕು ಕಾಯಿದೆಯು ಸಾಂಪ್ರದಾಯಿಕ ಮೇಯಿಸುವ ಹಕ್ಕನ್ನು ಮಾನ್ಯಮಾಡುತ್ತದೆ, ಕೇಳಿದವರಿಗೆ ಮಾತ್ರ. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿ ಕಾಡನ್ನೇ ಆಶ್ರಯಿಸಿದ್ದನ್ನು ತೋರಿಸಬೇಕು. ಕಷ್ಟದ ರುಜುವಾತು. ಆದರೆ ಹಳೆಯ ಕೊಯಮತ್ತೂರು ಕಾಲದ ಮೇವಿನ ಪಾಸು ಯಾರದಾದರೂ ಪೆಟ್ಟಿಗೆಯ ತಳದಲ್ಲಿ ಇದ್ದರೆ ಅದನ್ನು ಒಲೆಗೆ ಹಾಕಬೇಡಿ. ತಾತ ಕೊಟ್ಟ ಎರಡಾಣೆಯ ರಸೀತಿ ಮೊಮ್ಮಗನಿಗೆ ಸಾಕ್ಷಿಯಾಗಬಹುದು.

ಈಗ ನಮ್ಮ ಅರ್ಜಿಯ ಗತಿ ಹೇಳಿ ಮುಗಿಸುತ್ತೇವೆ. ಅನುಮತಿ ಬಂದಿದೆ. ಮುಂಬರುವ ಕೊಯ್ಲಿಗೆ ಎರಡು ವಾಹನಗಳು, ಹೆಸರಿಸಿದ ಚಾಲಕರು, ಬೆಳಿಗ್ಗೆ ಒಳಗೆ ಹೋಗಿ ಸಂಜೆ ಐದರೊಳಗೆ ಹೊರಗೆ. ದಾರಿಯಲ್ಲಿ ನಿಲ್ಲಿಸುವಂತಿಲ್ಲ, ಬೇರೆ ಯಾರನ್ನೂ ಹತ್ತಿಸಿಕೊಳ್ಳುವಂತಿಲ್ಲ. ಐದು ಗಂಟೆಯೊಳಗೆ ಬರಬೇಕಾದರೆ ಪೋಡಿನಲ್ಲಿ ಎರಡು ಗಂಟೆಗೇ ತೂಕ ಮುಗಿಯಬೇಕು, ಅಂದರೆ ಆ ದಿನದ ಕೀಳುವಿಕೆ ಮಧ್ಯಾಹ್ನಕ್ಕೇ ನಿಲ್ಲಬೇಕು. ಇದರಿಂದ ದಿನಕ್ಕೆ ಹತ್ತು ಹನ್ನೆರಡು ಚೀಲ ಕಡಿಮೆಯಾಗುತ್ತದೆಂದು ಬೆಳೆಗಾರರು ಹೇಳುತ್ತಿದ್ದಾರೆ. ಕೆಟ್ಟ ಪಲ್ಪರಿನ ಡಿಸ್ಕು ಬದಲಾಯಿಸಿ ಮೇಲೆಯೇ ಕೂರಿಸುವುದು ಇದಕ್ಕಿಂತ ಮೇಲೆಂದು ನಮಗೂ ತೋರಿದೆ. ಮೆಕ್ಯಾನಿಕ್ಕನ್ನು ಕರೆದೊಯ್ಯಲು ಅವನ ಹೆಸರಿನಲ್ಲಿ ಬೇರೆ ಅರ್ಜಿ ಕೊಟ್ಟಿದ್ದೇವೆ.

ಒಳಗೆ ಜಮೀನುಳ್ಳ ಸದಸ್ಯರು ಪಹಣಿ ಅಥವಾ ಹಕ್ಕುಪತ್ರದ ಪ್ರತಿ, ಗುರುತಿನ ಚೀಟಿ, ಎರಡು ಭಾವಚಿತ್ರ, ತೋಟಕ್ಕೆ ಕಾಯಂ ಬರುವ ಆಳುಗಳ ಹೆಸರಿನೊಂದಿಗೆ ಕಛೇರಿಗೆ ಬಂದರೆ ಎಲ್ಲರದ್ದನ್ನೂ ಸೇರಿಸಿ ಒಂದೇ ಪಟ್ಟಿಯಾಗಿ ಇಲಾಖೆಗೆ ಕೊಡುತ್ತೇವೆ. ಆಳುಗಳಿಗೆ ಒಡೆಯನ ಹಕ್ಕು ಬರುವುದಿಲ್ಲವಾದ್ದರಿಂದ ಅವರ ಹೆಸರು ಮುಖ್ಯ. ಸಂತೆಯ ದಿನ ಬಿಟ್ಟು ಯಾವ ದಿನ ಬಂದರೂ ಆದೀತು. ಆ ಏಳು ಕುಟುಂಬಗಳಿಗೆ ಬಾಕಿ ಉಳಿದ ಅರ್ಧ ಹಣವನ್ನೂ ಸಂಘವೇ ಕೊಡಬೇಕೆಂಬ ಠರಾವನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಮಂಡಿಸುತ್ತಿದ್ದೇವೆ. ಸದಸ್ಯರು ದಯಮಾಡಿ ಹಾಜರಿರಬೇಕು.